ಆರೂ ಹನ್ನೆರಡರ ರೈಲಿಗೆ ಒಂದು ತಲೆ

"ಏಪ್ರಿಲ್‌ನಿಂದ ಪಾಸು ಬೇಡ ಅಂದ್ರೆ ಏನೇ ಅರ್ಥ? ಸ್ಕೂಲಿಗೆ ಹಾರ್ಕೊಂಡು ಹೋಗ್ತೀಯಾ?"

"ಅಲ್ಲೇ ಇರ್ತೀನಿ. ಹಾಸ್ಟೆಲ್ ಫಾರಂ ನಿಮ್ಮ ಲ್ಯಾಪ್‌ಟಾಪ್ ಮೇಲೆ ಇಟ್ಟು ಹತ್ತು ದಿನ ಆಯ್ತು ಅಪ್ಪ. ಜಸ್ಟ್ ಸ್ಟ್ಯಾಂಪ್ ಇಟ್."

"ಒತ್ತಲ್ಲ."

"ವೈ?"

"ಒತ್ತಲ್ಲ ಅಂದ್ರೆ ಒತ್ತಲ್ಲ. ಏನ್ ಮಾಡ್ಕೋತೀಯೋ ಮಾಡ್ಕೋ."

"ಯು ಆರ್ ಬೀಯಿಂಗ್ ಕ್ರೇಜಿ."

"ಏನಂದೆ? ನೀರಜಾ, ಕೇಳಿಸ್ತಾ ನಿನ್ನ ಮಗಳು ಏನಂದ್ಲು ಅಂತ?"

ನೀರಜಾಗೆ ಕೇಳಿಸಿತ್ತು. ಹೊಸ ವರ್ಷ ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ಐದೂವರೆಗೆ ಇದೇ ಕೇಳಿಸುತ್ತಿತ್ತು. ಅವಳು ಕಾವಲಿಯ ಮೇಲಿನ ದೋಸೆ ಮಗುಚಿ, ಮಗಳ ಊಟದ ಡಬ್ಬಿಗೆ ಮೊಸರನ್ನ ತುಂಬಿ ಮುಚ್ಚಳ ಒತ್ತಿದಳು. ಕಿಟಕಿಯಾಚೆ ಇನ್ನೂ ಕತ್ತಲೆ. ಜಪಾನಿನ ಪುಟ್ಟ ಊರು ಕುರೋತಾನಿಯ ಬೆಟ್ಟದ ಹಿಂದೆ ಸೂರ್ಯ ಹುಟ್ಟಲು ಎಂಟು ಗಂಟೆಯಾಗಬೇಕು. ರೈಲು ಹೊರಡುವುದು ಆರೂ ಹನ್ನೆರಡಕ್ಕೆ.

"ನನ್ನನ್ಯಾಕೆ ಕೇಳ್ತೀರಿ? ಒಂದು ಮುದ್ರೆ ಒತ್ತಿದ್ರೆ ಮುಗೀತು," ಎಂದಳು.

"ನಿನಗೆ ಗೊತ್ತಿಲ್ದೆ ಇರೋದಲ್ಲ. ಆಡಬೇಡ."

ಮೇಜಿನ ಮೇಲೆ ರೈಲು ಉಳಿಸುವ ಸಂಘದ ಪಟ್ಟಿ ಹರಡಿತ್ತು. ಏಪ್ರಿಲ್‌ನಿಂದ ಕುರೋತಾನಿ ಸ್ಟೇಷನ್ನಿನಿಂದ ಪಾಸು ತೆಗೆಸುವವರ ಹೆಸರು ಬರೆಯಬೇಕಾದ ಪಟ್ಟಿ. ಈಗ ಪಾಸು ಇದ್ದದ್ದು ಮೂವರಿಗೆ, ಮೂವರೂ ಹೈಸ್ಕೂಲು ಹುಡುಗಿಯರು. ಇಬ್ಬರು ಮಾರ್ಚ್ ಒಂದಕ್ಕೆ ಓದು ಮುಗಿಸಿ ಊರು ಬಿಡುವವರು. ಉಳಿಯುವವಳು ಸ್ಪಂದನಾ ಒಬ್ಬಳೇ. ಪಾಸಿನವರೇ ಇಲ್ಲದ ಸ್ಟೇಷನ್ನಿಗೆ ರೈಲು ಯಾಕೆ ಎಂದು ಮಾರ್ಚ್ ಕೊನೆಯ ಸಭೆಯಲ್ಲಿ ಸರ್ಕಾರದವರು ಕೇಳುವುದು ಖಂಡಿತ. ಉಮಾಶಂಕರ ಸಂಘದ ಕಾರ್ಯದರ್ಶಿ. ತನ್ನ ಮನೆಯಿಂದ ಇನ್ನೂ ಒಂದು ವರ್ಷ ಒಂದು ಪಾಸು ಇದ್ದೇ ಇರುತ್ತದೆ ಎಂದು ಅವನು ನಲವತ್ತು ಜನರೆದುರು ಎದ್ದುನಿಂತು ಮಾತು ಕೊಟ್ಟು ಬಂದಿದ್ದ.

ಸ್ಪಂದನಾಗೆ ಹದಿನೇಳು. ಬರುವುದು ಪರೀಕ್ಷೆಯ ವರ್ಷ. ಪ್ರಾಣಿವೈದ್ಯ ಓದಬೇಕೆಂದು ಆರನೇ ಕ್ಲಾಸಿನಿಂದ ಹಟ. ಕಣಿವೆಯ ಕೆಳಗಿನ ಪಟ್ಟಣದಲ್ಲಿ ಅವಳ ಸ್ಕೂಲು, ರೈಲಿನಲ್ಲಿ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ. ವಾಪಸು ಬರುವ ಕೊನೆಯ ರೈಲು ಸಂಜೆ ಐದೂ ಐವತ್ತಕ್ಕೆ. ಜೊತೆಯ ಮಕ್ಕಳು ಆರಕ್ಕೆ ಟ್ಯೂಷನ್ನಿನಲ್ಲಿ ಪುಸ್ತಕ ತೆರೆಯುವಾಗ ಇವಳು ಒಂಟಿ ಬೋಗಿಯಲ್ಲಿ ಬ್ಯಾಗಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು. ಸ್ಕೂಲಿನ ಹಾಸ್ಟೆಲಿನಲ್ಲಿ ಒಂದೇ ಮಂಚ ಖಾಲಿಯಾಗುವುದಿತ್ತು. ಫೆಬ್ರವರಿ ಇಪ್ಪತ್ತೆಂಟರೊಳಗೆ ಫಾರಂ ತಲುಪಬೇಕು, ಪೋಷಕರ ಮುದ್ರೆ ಒತ್ತಿರಬೇಕು.

ಆ ಮುದ್ರೆ ಬೆರಳಿನಷ್ಟು ಉದ್ದದ ಮರದ ತುಂಡು. ಹಾಂಕೊ ಅನ್ನುತ್ತಾರೆ. ಬ್ಯಾಂಕು, ಬಾಡಿಗೆ, ಸ್ಕೂಲು, ಈ ದೇಶದಲ್ಲಿ ಎಲ್ಲದಕ್ಕೂ ಅದೇ. ಉಮಾಶಂಕರ ಅದನ್ನು ಬೀಗ ಹಾಕಿದ ಡ್ರಾಯರಿನಲ್ಲಿಟ್ಟಿದ್ದ.

ಸ್ಪಂದನಾ ಡಬ್ಬಿ ಎತ್ತಿಕೊಂಡಳು. "ನನ್ನ ಹೆಸರು ಬರೀಬೇಡಿ," ಎಂದು ಹೇಳಿ ಬೂಟು ಮೆಟ್ಟಿ ಹೊರಟಳು. ಉಮಾಶಂಕರ ಪೆನ್ನು ತೆಗೆದು ಅವಳ ಹೆಸರು ಬರೆದ.

ಮೂಲೆಯ ಕೋಣೆಯ ಜಾರುಬಾಗಿಲು ಸರಿಯಿತು. ಎರಡು ಸ್ವೆಟರ್, ಮಂಕಿಕ್ಯಾಪು, ಸೀರೆಯ ಕೆಳಗೆ ಉಣ್ಣೆಯ ಕಾಲುಚೀಲದಲ್ಲಿ ಕಾಮಾಕ್ಷಮ್ಮ ನಿಂತಿದ್ದರು. ಉಮಾಶಂಕರನ ತಾಯಿ, ಎಪ್ಪತ್ನಾಲ್ಕು ವರ್ಷ. ಡಿಸೆಂಬರಿನಲ್ಲಿ ಮೂರು ತಿಂಗಳ ವೀಸಾದ ಮೇಲೆ ಬಂದಿದ್ದರು.

"ನಾನೂ ಹೊರಡಬೇಕೇನೋ?" ಎಂದು ಮಗನನ್ನು ಕೇಳಿದರು.

"ನೀನು ಎಂಟೂ ನಲವತ್ತಕ್ಕೆ ಅಮ್ಮ. ಕಾಫಿ ಕುಡಿ."

*

ಈ ಊರಿಗೆ ಅವರು ಬಂದು ಮೂರು ವರ್ಷವಾಗಿತ್ತು. ಅದಕ್ಕೆ ಮುಂಚೆ ಹದಿಮೂರು ವರ್ಷ ಟೋಕಿಯೋದ ನಿಶಿ ಕಸಾಯಿಯಲ್ಲಿ. ಕೆಳಗಿಳಿದರೆ ಕರಿಬೇವು ಸಿಗುವ ಅಂಗಡಿ, ಎದುರು ಬಿಲ್ಡಿಂಗಿನಲ್ಲಿ ಬೆಂಗಳೂರಿನವರು. ನೀರಜಾ ಅಲ್ಲಿ ನಮ್ಮವರ ಮಕ್ಕಳ ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದಳು. ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಎಂದಮೇಲೆ ಉಮಾಶಂಕರ ಒಂದು ಭಾನುವಾರ ಸುಮ್ಮನೆ ಯಾವುದೋ ರೈಲು ಹತ್ತಿ ಕುರೋತಾನಿಯಲ್ಲಿ ಇಳಿದ. ಫೋಟೊ ತೆಗೆಯಲು ಇಳಿದವನು ಎರಡು ಗಂಟೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ನೀರಜಾಗೆ ಫೋನು ಮಾಡಿ, "ಥೇಟ್ ಮಾಳೇನಹಳ್ಳಿ ಕಣೇ" ಎಂದ.

ಮಾಳೇನಹಳ್ಳಿ ಜಂಕ್ಷನ್ ಅವನು ಹುಟ್ಟಿ ಬೆಳೆದ ಜಾಗ. ಮೀಟರ್‌ಗೇಜ್ ಕಾಲದಲ್ಲಿ ಅಲ್ಲೊಂದು ಲೋಕೋ ಶೆಡ್ಡಿತ್ತು. ಅಪ್ಪ ಕಲ್ಲಿದ್ದಲು ಇಂಜಿನ್ನಿನ ಡ್ರೈವರು. ಬ್ರಾಡ್‌ಗೇಜ್ ಬಂದ ವರ್ಷ ಶೆಡ್ಡು ಮುಚ್ಚಿತು, ಊರು ಖಾಲಿಯಾಯಿತು. ಕುರೋತಾನಿಯಲ್ಲೂ ಹಾಗೇ. ಬೆಟ್ಟದಲ್ಲಿ ಸುಣ್ಣಕಲ್ಲಿನ ಗಣಿಯಿತ್ತು, ಗಣಿಗಾಗಿ ರೈಲು ಬಂತು, ರೈಲಿಗಾಗಿ ಊರು. ಗಣಿ ಮುಚ್ಚಿ ಮೂವತ್ತು ವರ್ಷ. ಈಗ ದಿನಕ್ಕೆ ಐದು ಸಲ ಒಂದು ಡೀಸೆಲ್ ಬೋಗಿ ಬಂದುಹೋಗುತ್ತದೆ. ಉಳಿದ ಹೊತ್ತು ಹಳಿಯ ಮೇಲೆ ಕಾಗೆಗಳು ಓಡಾಡುತ್ತವೆ. ಗಣಿ ಕಂಪನಿಯ ಗುಮಾಸ್ತರು ಇದ್ದ ಖಾಲಿ ಮನೆಯನ್ನು ಊರಿನ ಆಫೀಸು ಹೆಚ್ಚುಕಡಿಮೆ ಪುಕ್ಕಟೆ ಕೊಟ್ಟಿತು.

ಮೊದಲ ವರ್ಷ ನೀರಜಾಗೂ ಹಿಡಿಸಿತ್ತು. ಸುಳ್ಳು ಹೇಳಬಾರದು. ಬಟ್ಟೆ ಹರವಿದರೆ ದೂಳಿಲ್ಲ, ಬೆಳಿಗ್ಗೆ ಬಾಗಿಲು ತೆಗೆದರೆ ಪಕ್ಕದ ಮನೆಯ ಮುದುಕಿ ಇಟ್ಟುಹೋದ ಮೂಲಂಗಿ, ಪರ್ಸಿಮನ್ ಹಣ್ಣು. ಎರಡನೇ ವರ್ಷ ಆ ಮುದುಕಿ ತೀರಿಕೊಂಡಳು. ಮೂರನೇ ವರ್ಷ ಕ್ಷೌರದ ಅಂಗಡಿ ಮುಚ್ಚಿತು, ಆಮೇಲೆ ತರಕಾರಿ ಅಂಗಡಿ. ಪೋಸ್ಟಾಫೀಸು ವಾರಕ್ಕೆ ಎರಡೇ ದಿನ. ಕಳೆದ ಚಳಿಗಾಲಕ್ಕೆ ಮುಂಚೆ ಉಮಾಶಂಕರ ಇವಳಿಗೆ ಒಂದು ಮಾತೂ ಹೇಳದೆ ಕಾರು ಮಾರಿಬಂದ.

"ಕಾರ್ಯದರ್ಶಿ ಮನೇಲೇ ಕಾರಿದ್ರೆ ಜನ ಏನಂತಾರೆ ಹೇಳು," ಎಂದಿದ್ದ.

"ಜನ ಎಲ್ಲಿದ್ದಾರೆ ಅನ್ನೋಕೆ?"

ಅಂದಿನಿಂದ ಮಂಗಳವಾರ, ಶುಕ್ರವಾರ ಅವಳು ಎಂಟೂ ನಲವತ್ತರ ರೈಲಿನಲ್ಲಿ ಪಟ್ಟಣಕ್ಕೆ ಹೋಗಿ ಅಕ್ಕಿ, ಹಾಲು, ಎಣ್ಣೆ ಹೊತ್ತು ಮಧ್ಯಾಹ್ನದ ರೈಲಿಗೆ ಬರುತ್ತಿದ್ದಳು. ಸ್ಟೇಷನ್ನಿನಿಂದ ಮನೆಗೆ ಏರು. ಹಿಮ ಬಿದ್ದ ದಿನ ಚೀಲ ಎಳೆದುಕೊಂಡು ಬರಬೇಕು. ಉಮಾಶಂಕರ ಕಿಟಕಿಯಿಂದ ನೋಡಿ ಓಡಿಬಂದು ಚೀಲ ತಗೊಳ್ಳುತ್ತಿದ್ದ, ಅದೂ ನಿಜ. ತಗೊಂಡು, "ಇವತ್ತು ಎಷ್ಟು ಜನ ಇದ್ರು ರೈಲಲ್ಲಿ?" ಎಂದು ಕೇಳುತ್ತಿದ್ದ.

ಜನವರಿ ಕೊನೆಗೆ ಅವನು ತಾಯಿಯನ್ನೂ ರೈಲು ಹತ್ತುವವರ ತಲೆಯೆಣಿಕೆಗೆ ಸೇರಿಸಿದ. ದಿನಾ ಒಂದು ಸ್ಟೇಷನ್ನಿನವರೆಗೆ ಹೋಗಿ, ಅಲ್ಲಿಯ ತಂಗುದಾಣದಲ್ಲಿ ಮುಕ್ಕಾಲು ಗಂಟೆ ಕೂತು, ಬರುವ ರೈಲಿಗೆ ವಾಪಸಾಗುವುದು. ಒಂದು ಶುಕ್ರವಾರ ನೀರಜಾ ಅವರ ಜೊತೆಗೇ ಹತ್ತಿದಳು. ಬೋಗಿಯಲ್ಲಿ ಇವರಿಬ್ಬರೇ. ಡ್ರೈವರು ಬಿಳಿ ಕೈಗವಸಿನ ಕೈ ಎತ್ತಿ ಸಿಗ್ನಲ್ಲಿನ ಕಡೆ ಬೆರಳು ತೋರಿಸಿ ಗಟ್ಟಿಯಾಗಿ ಏನೋ ಹೇಳಿದ. ಗಡಿಯಾರಕ್ಕೆ ಬೆರಳು ತೋರಿಸಿ ಇನ್ನೇನೋ ಹೇಳಿದ.

"ಯಾರ ಹತ್ರ ಮಾತಾಡ್ತಾನೆ ಇವನು?" ಎಂದರು ಕಾಮಾಕ್ಷಮ್ಮ.

"ಯಾರ ಹತ್ರಾನೂ ಇಲ್ಲ ಅತ್ತೆ. ಸಿಗ್ನಲ್ ನೋಡಿದೆ, ಹಸಿರಿದೆ ಅಂತ ತನಗೆ ತಾನೇ ಹೇಳ್ಕೋಬೇಕು. ಇವರ ರೂಲ್ಸು."

"ಪಾಪ. ಕೇಳೋಕೂ ಒಬ್ಬರಿಲ್ಲ." ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. "ನಾನು ಬಂದು ಹೋಗೋದ್ರಿಂದ ಇವರ ರೈಲು ಉಳಿಯುತ್ತಾ?"

"ನಿಮ್ಮ ಮಗನ್ನ ಕೇಳಿ."

"ಅವನನ್ನ ಕೇಳಿದ್ರೆ ಭಾಷಣ ಮಾಡ್ತಾನೆ. ಮಂಡಿ ಹಿಡ್ಕೊಳ್ಳುತ್ತೆ ಕಣೇ ಆ ತಂಗುದಾಣದಲ್ಲಿ."

ಸಂಜೆ ಐದಕ್ಕೆ ಊರಿನ ಕಂಬದ ಮೇಲಿನ ಮೈಕುಗಳಿಂದ ಒಂದು ಹಾಡಿನ ರಾಗ ಬರುತ್ತಿತ್ತು. ಮಕ್ಕಳು ಆಟ ಬಿಟ್ಟು ಮನೆ ಸೇರಲಿ ಎಂದು ಎಂದೋ ಶುರು ಮಾಡಿದ್ದು. ಆಡುವ ಮಕ್ಕಳು ಊರಿನಲ್ಲಿ ಒಬ್ಬರೂ ಇರಲಿಲ್ಲ. ಆ ರಾಗ ಕೇಳಿದ ಕೂಡಲೇ ಕಾಮಾಕ್ಷಮ್ಮ ಎದ್ದು ಕಾಫಿಗೆ ನೀರಿಡುತ್ತಿದ್ದರು.

"ಶೆಡ್ ಸೈರನ್ ನೆನಪಾಗುತ್ತೆ ಅಲ್ವಾ ಅಮ್ಮ?" ಎಂದು ಉಮಾಶಂಕರ ಪ್ರತಿ ಸಲ ಕೇಳುತ್ತಿದ್ದ. ಆಗ ಅವನ ಮುಖ ಎಳೆಯದಾಗುತ್ತಿತ್ತು. "ಅಪ್ಪ ಬರೋ ಹೊತ್ತಿಗೆ ಬಿಸಿನೀರು. ಇಂಜಿನ್ನಿಂದಾನೇ ಬಕೆಟ್ಟಲ್ಲಿ ಹಿಡ್ಕೊಂಡು ಬರ್ತಿದ್ವಿ ನಾವು. ಆ ವಾಸನೆ ಇನ್ನೂ ಮೂಗಲ್ಲಿದೆ."

"ಹೂಂ," ಎನ್ನುತ್ತಿದ್ದರು ಕಾಮಾಕ್ಷಮ್ಮ. "ಸಕ್ಕರೆ ಹಾಕ್ಲಾ?"

*

ಫೆಬ್ರವರಿ ಎರಡನೇ ವಾರ ಸಂಘದ ಅಧ್ಯಕ್ಷ ಹಾಸೆಗಾವಾ ಸಾನ್, ಅಂದರೆ ಹಾಸೆಗಾವಾ ಅವರು, ಮನೆಗೆ ಬಂದರು. ಎಂಬತ್ತು ದಾಟಿದವರು, ಕುರೋತಾನಿಯ ಕೊನೆಯ ಸ್ಟೇಷನ್ ಮಾಸ್ತರು. ಉಮಾಶಂಕರ ಈರುಳ್ಳಿ ಬಜ್ಜಿ ಮಾಡಿಸಿದ. ಸ್ಪಂದನಾ ಜಪಾನಿಯಿಂದ ಅಜ್ಜಿಗೆ ಅರೆಬರೆ ಕನ್ನಡ ಮಾಡಿ ಹೇಳುತ್ತಿದ್ದಳು.

"ಏಪ್ರಿಲ್‌ಗೂ ನಮ್ಮ ಹುಡುಗಿ ಇದ್ದಾಳಲ್ಲ," ಎಂದು ಉಮಾಶಂಕರ ಜಪಾನಿಯಲ್ಲಿ ಹೇಳಿ ಮಗಳ ಬೆನ್ನು ತಟ್ಟಿದ.

ಹಾಸೆಗಾವಾ ಸಾನ್ ಹುಡುಗಿಯ ಕಡೆ ತಿರುಗಿ ಮುಂದೇನು ಓದುತ್ತೀಯ ಎಂದು ಕೇಳಿದರು. ಅವಳು ಹೇಳಿದಳು. ಮುದುಕರ ಹುಬ್ಬು ಮೇಲೇರಿತು.

"ಏನಂದ್ರೇ?" ಎಂದರು ಕಾಮಾಕ್ಷಮ್ಮ.

"ಅದು ತುಂಬಾ ಕಷ್ಟದ ಎಕ್ಸಾಮ್ ಅಂತೆ ಅಜ್ಜಿ. ರೈಲಲ್ಲಿ ಕೂತ್ಕೊಂಡೇ ಇದ್ರೆ ಯಾವಾಗ ಓದ್ತೀಯ ಅಂತ."

ಉಮಾಶಂಕರ ದೊಡ್ಡದಾಗಿ ನಕ್ಕ, ಅವರೇನೋ ತಮಾಷೆ ಮಾಡಿದರು ಎನ್ನುವ ಹಾಗೆ. ಹಾಸೆಗಾವಾ ಸಾನ್ ನಗಲಿಲ್ಲ. ಹೋಗುವಾಗ ಬಾಗಿಲಲ್ಲಿ ನೀರಜಾಗೆ ತಲೆಬಾಗಿ, ಬಜ್ಜಿಗೆ ಅರಿಗಾತೋ ಎಂದು ಧನ್ಯವಾದ ಹೇಳಿ, ತಮ್ಮ ನಾಲ್ಕು ಮಕ್ಕಳೂ ಇದೇ ಸ್ಟೇಷನ್ನಿನಿಂದ ಹತ್ತಿ ಹೋದವರು, ತಾವೇ ಹಸಿರು ಬಾವುಟ ತೋರಿಸಿ ಕಳಿಸಿದ್ದು ಎಂದು ಮೆಲ್ಲಗೆ ಹೇಳಿದರು. ನೀರಜಾಗೆ ಅಷ್ಟು ಜಪಾನಿ ಬರುತ್ತಿತ್ತು. ಗಂಡನಿಗೆ ಇನ್ನೂ ಚೆನ್ನಾಗಿ ಬರುತ್ತಿತ್ತು. ಅವನು ಮುದುಕರ ಚಪ್ಪಲಿ ಸರಿಮಾಡಿ ಇಡುತ್ತಿದ್ದ.

ಅವತ್ತಿನಿಂದ ಸ್ಪಂದನಾ ಮನೆಯಲ್ಲಿ ಕನ್ನಡ ನಿಲ್ಲಿಸಿದಳು. ಏನು ಕೇಳಿದರೂ ಜಪಾನಿಯಲ್ಲಿ ಎರಡು ಶಬ್ದ. ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗಿ ಒಬ್ಬಳೇ ತಿನ್ನುತ್ತಿದ್ದಳು. ಸ್ಕೂಲಿನ ತಿಂಗಳ ಪರೀಕ್ಷೆಯ ಕಾಗದ ಬಂತು, ರಸಾಯನಶಾಸ್ತ್ರದಲ್ಲಿ ಕ್ಲಾಸಿಗೇ ಕೊನೆಯಿಂದ ಐದನೆಯವಳು. ನೀರಜಾ ಆ ಕಾಗದವನ್ನು ಗಂಡನ ಊಟದ ತಟ್ಟೆಯ ಪಕ್ಕ ಇಟ್ಟಳು.

"ಇದಕ್ಕೇನು ಮಾಡೋಣ ಹೇಳಿ."

"ಓದ್ಬೇಕು. ಮೊಬೈಲ್ ಕಿತ್ತಿಡು."

"ರೀ, ನಿದ್ದೆ ಇಲ್ಲ ಅದಕ್ಕೆ. ನಾಲ್ಕೂಮುಕ್ಕಾಲಿಗೆ ಏಳ್ತಾಳೆ."

"ನಾನು ಎದ್ದಿಲ್ವಾ? ಮಾಳೇನಹಳ್ಳೀಲಿ ನಾವೆಲ್ಲ ಬೀದಿದೀಪದಲ್ಲಿ ಓದಿದವರು. ಊರಲ್ಲಿ ಒಬ್ಬರು ಇನ್ನೊಬ್ಬರಿಗೆ ನಿಂತ್ಕೊಳ್ತಿದ್ರು. ಆಗ ಎಲ್ಲರೂ ಗಟ್ಟಿಯಾಗಿ ನಿಂತಿದ್ರೆ ಶೆಡ್ ಮುಚ್ತಾನೇ ಇರ್ಲಿಲ್ಲ. ಒಬ್ಬೊಬ್ಬರೇ ಟ್ರಾನ್ಸ್‌ಫರ್ ತಗೊಂಡು ಓಡಿಹೋದ್ರು, ಊರು ಸತ್ತೋಯ್ತು. ಇಲ್ಲೂ ಅದೇ ಆಗೋಕೆ ನಾನು ಬಿಡಲ್ಲ."

ಕಾಮಾಕ್ಷಮ್ಮ ಸಾರನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು.

"ನೀನೆಲ್ಲಿದ್ದೆಯೋ ಆಗ?" ಎಂದರು.

"ಯಾವಾಗ?"

"ಶೆಡ್ ಮುಚ್ಚಿದಾಗ."

"ಮೈಸೂರಲ್ಲಿ. ಇಂಜಿನಿಯರಿಂಗು."

"ಹಾಸ್ಟೆಲಲ್ಲಿ."

"ಹೌದು, ಹಾಸ್ಟೆಲಲ್ಲಿ. ಏನೀಗ?"

"ವಸುಧಾ ಎಲ್ಲಿದ್ಲು?"

ವಸುಧಾ ಉಮಾಶಂಕರನ ತಂಗಿ. ಈಗ ತಿಪಟೂರಿನಲ್ಲಿ ಗಂಡನ ದಿನಸಿ ಅಂಗಡಿಯಲ್ಲಿ ಕೂರುತ್ತಾಳೆ.

"ಮನೇಲಿದ್ಲು, ಇನ್ನೆಲ್ಲಿ."

"ಮನೇಲಿದ್ಲು. ಯಾಕಿದ್ಲು ಕೇಳಿದ್ದೀಯಾ ಯಾವತ್ತಾದ್ರೂ?" ಕಾಮಾಕ್ಷಮ್ಮ ಕೂಗಲಿಲ್ಲ. ಮತ್ತೆ ಅನ್ನ ಕಲಸುತ್ತ ಹೇಳಿದರು. "ರೈಲ್ವೆ ಸ್ಕೂಲಲ್ಲಿ ಮಕ್ಕಳು ಕಮ್ಮಿ ಆದ್ರೆ ಸ್ಕೂಲು ಮುಚ್ತಾರೆ, ಸ್ಕೂಲು ಮುಚ್ಚಿದ್ರೆ ಕ್ವಾರ್ಟರ್ಸ್ ಖಾಲಿ ಮಾಡಿಸ್ತಾರೆ ಅಂತ ಡ್ರೈವರುಗಳೆಲ್ಲ ಸೇರಿ ಮಾತಾಡ್ಕೊಂಡ್ರು. ಯಾರೂ ಮಕ್ಕಳ ಟಿ.ಸಿ. ತೆಗೆಸಬಾರದು ಅಂತ. ವಸುಧಾನ್ನ ಹಾಸನಕ್ಕೆ ಕಳಿಸು, ನಾನು ಇಟ್ಕೋತೀನಿ ಅಂತ ನಮ್ಮಣ್ಣ ಕಾಗದ ಬರೆದಿದ್ದ. ನಿಮ್ಮಪ್ಪ ಟಿ.ಸಿ. ತೆಗೆಸಲಿಲ್ಲ. ಮಾತು ಕೊಟ್ಟಿದ್ದೀನಿ ಅಂದ್ರು. ನಡುವರ್ಷ ಮೇಷ್ಟರುಗಳಿಗೆಲ್ಲ ವರ್ಗ ಆಯ್ತು. ಒಂಬತ್ತನೇ ಕ್ಲಾಸಿಗೆ ಪಾಠ ಮಾಡೋರೇ ಇಲ್ಲ. ಸ್ಕೂಲೂ ಮುಚ್ತು, ಶೆಡ್ಡೂ ಮುಚ್ತು. ಒಂದು ವರ್ಷ ಹೋಯ್ತಲ್ಲ, ಇನ್ಯಾಕೆ ಓದು ಅಂತ ಮನೇಲಿಟ್ಕೊಂಡ್ರು. ಹತ್ತೊಂಬತ್ತಕ್ಕೆ ಮದುವೆ. ನಾನೂ ಬಾಯಿ ಮುಚ್ಕೊಂಡಿದ್ದೆ ಅನ್ನು."

ಮಗಳ ಕೋಣೆಯ ಜಾರುಬಾಗಿಲು ಒಂದು ಗೇಣು ತೆರೆದಿದ್ದುದನ್ನು ನೀರಜಾ ನೋಡಿದಳು.

"ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?" ಎಂದ ಉಮಾಶಂಕರ. "ಅದು ಇಂಡಿಯಾ. ಇಲ್ಲಿ ಸಿಸ್ಟಮ್ಮೇ ಬೇರೆ."

"ಬೇರೆ ಇರ್ಬೋದಪ್ಪ. ನಂಗೇನ್ ಗೊತ್ತು."

"ನೀನು ಊರನ್ನ ಹೀಗೆ ಬೈತೀಯ ಅಂತ ಅಂದ್ಕೊಂಡಿರ್ಲಿಲ್ಲ."

"ಊರನ್ನ ಎಲ್ಲಿ ಬೈದೆ? ಇಪ್ಪತ್ತೆರಡು ವರ್ಷ ಅನ್ನದಲ್ಲಿ ಮಸಿ ತಿಂದಿದ್ದೀನಿ, ಆವಾಗ್ಲೂ ಬೈಲಿಲ್ಲ."

ಉಮಾಶಂಕರ ಅರ್ಧ ಊಟ ಬಿಟ್ಟು ಎದ್ದ. ಎದ್ದವನು ಡ್ರಾಯರಿನ ಬೀಗ ತೆಗೆದು ಮುದ್ರೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಅದು ಯಾರಿಗೆ ಹೇಳಿದ ಉತ್ತರವೋ ಎಲ್ಲರಿಗೂ ತಿಳಿಯಿತು.

*

ಇಪ್ಪತ್ತೇಳನೇ ತಾರೀಕು ಶುಕ್ರವಾರ. ನೀರಜಾ ಕೊನೆಯ ಸಲ ಕೇಳಿದಳು.

"ನಾಳೆ ಕೊನೇ ದಿನ."

"ಗೊತ್ತು."

"ಅವಳ ಜೀವನ ಇದು."

"ನನ್ನ ಜೀವನ ಏನು ಹಾಗಾದ್ರೆ? ಮೂರು ವರ್ಷದಿಂದ ಪ್ಲಾಟ್‌ಫಾರ್ಮಿನ ಹಿಮ ನಾನು ತೆಗೀತಾ ಇದ್ದೀನಿ, ಯಾರೂ ಸಂಬಳ ಕೊಡಲ್ಲ. ಒಂದು ವರ್ಷ, ಒಂದೇ ವರ್ಷ ತಡ್ಕೊಳ್ಳಿ ಅಂದ್ರೆ ಆಗಲ್ಲ ನಿಮಗೆ."

ನೀರಜಾ ಮುದ್ರೆ ಬೀಳದ ಫಾರಂ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತರಕಾರಿ ಚೀಲದೊಳಗೆ ಸೇರಿಸಿ ರೈಲು ಹತ್ತಿದಳು. ಪಟ್ಟಣದಲ್ಲಿ ಅಂಗಡಿಗೆ ಹೋಗದೆ ನೇರ ಸ್ಕೂಲಿನ ಹಾಸ್ಟೆಲಿಗೆ ಹೋದಳು. ಅವಳ ಮನಸ್ಸಿನಲ್ಲಿದ್ದದ್ದು ಒಂದೇ, ಹತ್ತು ದಿನ ಗಡುವು ಕೇಳುವುದು, ಕಾಲು ಹಿಡಿದಾದರೂ. ದಾರಿಯುದ್ದಕ್ಕೂ ಜಪಾನಿಯಲ್ಲಿ ಆ ವಾಕ್ಯವನ್ನೇ ಕಟ್ಟುತ್ತಿದ್ದಳು.

ಹಾಸ್ಟೆಲ್ ನೋಡಿಕೊಳ್ಳುವವಳು ಮೊರಿತಾ ಸಾನ್, ಏಪ್ರನ್ ಕಟ್ಟಿದ ಗುಂಡನೆಯ ಹೆಂಗಸು.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಶುರು ಮಾಡಿ ನೀರಜಾ ಕಟ್ಟಿದ್ದ ವಾಕ್ಯವನ್ನೆಲ್ಲ ಒಪ್ಪಿಸಿದಳು. ಯಜಮಾನರ ಮುದ್ರೆ ಸಿಗಲಿಲ್ಲ, ದಯವಿಟ್ಟು ಹತ್ತು ದಿನ.

ಮೊರಿತಾ ಸಾನ್ ಫಾರಂ ನೋಡಿ, ಇವಳನ್ನು ನೋಡಿ, "ತಾಯಿ ನೀವೇ ತಾನೆ?" ಎಂದಳು.

"ಹೌದು."

"ಹಾಗಾದರೆ ನೀವೇ ಹಾಕಿ."

"ನನ್ನ ಹೆಸರಿನ ಮುದ್ರೆ ಇಲ್ಲ. ಮಾಡಿಸೇ ಇಲ್ಲ."

"ಮುದ್ರೆ ಇಲ್ಲದ ವಿದೇಶದವರು ಸಹಿ ಮಾಡಿದರೆ ಸಾಕು. ಪೋಷಕರು ಅಂದರೆ ತಂದೆಯೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ," ಎಂದು ಮೊರಿತಾ ಸಾನ್ ಪೆನ್ನು ಮುಂದೆ ಇಟ್ಟಳು.

ನೀರಜಾ ಪೆನ್ನು ಕೈಗೆ ತಗೊಂಡಳು. ಹದಿನಾರು ವರ್ಷ. ಲಸಿಕೆಯ ಚೀಟಿ, ಸ್ಕೂಲಿನ ಪ್ರವಾಸ, ಈಜಿನ ತರಗತಿ, ಪ್ರತಿಯೊಂದಕ್ಕೂ ಅವನು ಆಫೀಸಿನಿಂದ ಬರಲಿ ಎಂದು ಕಾದದ್ದು, ಅವನು ಮುದ್ರೆ ಒತ್ತಿದ್ದು. ಬಂದ ಮೊದಲ ವಾರ ಅವನು ಹೇಳಿದ್ದ, ಇಲ್ಲಿ ಎಲ್ಲದಕ್ಕೂ ಯಜಮಾನನ ಮುದ್ರೆ ಬೇಕು ಎಂದು. ಅವನೂ ಹಾಗೇ ನಂಬಿದ್ದನೋ ಏನೋ. ಇವಳು ಒಂದು ಸಲವೂ ಬೇರೆಯವರನ್ನು ಕೇಳಿರಲಿಲ್ಲ.

ಸಹಿ ಮಾಡಿದಳು. ಮೂರು ಸೆಕೆಂಡಿನ ಕೆಲಸ.

ಹೊರಗೆ ಬಂದು ಕೊಂಬಿನಿ ಅಂಗಡಿಯ ಮುಂದೆ ನಿಂತು ಬಿಸಿ ಟೀ ಕುಡಿಯುತ್ತ ನಿಶಿ ಕಸಾಯಿಯ ಜ್ಯೋತ್ಸ್ನಾಗೆ ಫೋನು ಮಾಡಿದಳು. ಜ್ಯೋತ್ಸ್ನಾ ಶಿಶುವಿಹಾರದ ದಿನಗಳ ಗೆಳತಿ.

"ಮತ್ತೆ ಬಾರೆ ನೀನು," ಎಂದಳು ಜ್ಯೋತ್ಸ್ನಾ, ಎಂದಿನ ಹಾಗೆ. "ಇಬ್ಬರು ಟೀಚರ್ಸ್ ಬಿಟ್ಟಿದ್ದಾರೆ. ನಿನ್ನ ಜಾಗ ಹಾಗೇ ಇದೆ. ನಮ್ಮನೇಲಿ ಒಂದು ರೂಮೂ ಇದೆ."

"ಸಂಸಾರ ಬಿಟ್ಟು ಬಾ ಅಂತೀಯಾ?"

"ಬಿಡು ಅನ್ನಲಿಲ್ಲಪ್ಪ. ಬಾ ಅಂದೆ."

ನೀರಜಾ ನಕ್ಕಳು. ತರಕಾರಿ ಕೊಂಡು ಮಧ್ಯಾಹ್ನದ ರೈಲಿಗೆ ಮನೆಗೆ ಬಂದಳು. ಸಂಜೆ ಊಟಕ್ಕೆ ಬಡಿಸುತ್ತ ಸಹಿ ಮಾಡಿದ್ದನ್ನು ಹೇಳಿದಳು. ಸ್ಪಂದನಾ ಕೋಣೆಯಿಂದ ಓಡಿಬಂದು ಅಮ್ಮನ ಕುತ್ತಿಗೆಗೆ ಬಿದ್ದು, ಎರಡು ವಾರದ ಮೇಲೆ ಮೊದಲ ಸಲ ಕನ್ನಡದಲ್ಲಿ, "ನಿಜ ಹೇಳು ಅಮ್ಮ" ಎಂದಳು. ಉಮಾಶಂಕರ ನಾಲ್ಕು ದಿನ ಮನೆಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ.

*

ಮಾರ್ಚ್ ಮೂರಕ್ಕೆ ಮಂಚ ಖಾಲಿಯಾಯಿತು. ತಾಯಿ ಮಗಳು ಹಾಸಿಗೆ ಸುತ್ತಿ, ಪೆಟ್ಟಿಗೆ ಎಳೆದುಕೊಂಡು ಇಳಿಜಾರಿನಲ್ಲಿ ಹೋಗಿ ರೈಲು ಹತ್ತಿದರು. ಕಾಮಾಕ್ಷಮ್ಮ ಪ್ಲಾಟ್‌ಫಾರ್ಮಿನವರೆಗೆ ಬಂದು ಮೊಮ್ಮಗಳ ಕೈಗೆ ಕೋಡುಬಳೆಯ ಡಬ್ಬಿ ಕೊಟ್ಟರು. ಉಮಾಶಂಕರ ಮೀಟಿಂಗಿನಲ್ಲಿದ್ದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಿಟಕಿಗೆ ಬೆನ್ನು ಮಾಡಿ.

ಐದನೇ ತಾರೀಕು ಅವನು ಹಾಸ್ಟೆಲಿಗೆ ಫೋನು ಮಾಡಿದ. ನೀರಜಾ ಸೊಪ್ಪು ಬಿಡಿಸುತ್ತಿದ್ದಳು. ಅಡುಗೆಮನೆಗೆ ಎಲ್ಲ ಕೇಳಿಸಿತು. ನನ್ನ ಒಪ್ಪಿಗೆ ಇಲ್ಲ, ನನಗೆ ಗೊತ್ತಿಲ್ಲದೆ ಆಗಿದ್ದು, ಸೀಟು ರದ್ದು ಮಾಡಿ. ಆ ಕಡೆಯವರು ಬಹಳ ವಿನಯದಿಂದ ಬಹಳ ಹೊತ್ತು ಮಾತಾಡಿದರು. ಇವನ ದನಿ ಇಳಿಯುತ್ತ ಹೋಯಿತು. ಕೊನೆಗೆ ಮೂರು ಸಲ ಸುಮಿಮಾಸೆನ್ ಹೇಳಿ ಫೋನಿಟ್ಟ.

"ಏನಂದ್ರು?" ಎಂದು ನೀರಜಾ ಸೊಪ್ಪು ಬಿಡಿಸುತ್ತಲೇ ಕೇಳಿದಳು.

"ತಾಯಿ ಸಹಿ ಇದೆ, ಹುಡುಗಿ ಆಗ್ಲೇ ಸೇರಿದ್ದಾಳೆ, ಮನೇಲಿ ಮಾತಾಡ್ಕೊಳ್ಳಿ ಅಂದ್ರು." ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ಮನೇಲಿ ಮಾತಾಡ್ಕೊಳ್ಳಿ. ಹೊರಗಿನವಳ ಬಾಯಲ್ಲಿ ಅನ್ನಿಸಿಬಿಟ್ಟೆ ನನಗೆ."

"ನಾನು ಅನ್ನಿಸಲಿಲ್ಲ. ಫೋನ್ ಮಾಡಿದ್ದು ನೀವು."

"ಸಭೆಯಲ್ಲಿ ಏನು ಹೇಳ್ಲಿ ನಾನು? ಹಾಸೆಗಾವಾ ಸಾನ್‌ಗೆ ಏನು ಹೇಳ್ಲಿ?"

"ಅವರಿಗೆ ಹೇಳಬೇಕಾಗಿಲ್ಲ. ಅವರಿಗೆ ನಿಮಗಿಂತ ಮುಂಚೆ ಅರ್ಥ ಆಗಿದೆ."

ಉಮಾಶಂಕರ ಚೌಕಟ್ಟಿನಿಂದ ಕೈ ತೆಗೆದ. ಹೊಡೆಯುವವನಲ್ಲ, ಎಂದೂ ಹೊಡೆದವನಲ್ಲ. ಎಡಕ್ಕೆ ತಿರುಗಿ ಕೋಟು ಹಾಕಿಕೊಂಡು ಮಧ್ಯಾಹ್ನದ ರೈಲು ಹತ್ತಿ ಪಟ್ಟಣಕ್ಕೆ ಹೋದ. ಕತ್ತಲಾಗುವಾಗ ಬಂದ. ಮುಖದಲ್ಲಿ ಸಮಾಧಾನವಿತ್ತು, ಏನೋ ಗೆದ್ದು ಬಂದವನ ಹಾಗೆ.

ಮರುದಿನ ಬೆಳಿಗ್ಗೆ ಐದೂವರೆಗೆ ಅವನು ನೀರಜಾಳ ಕಾಫಿ ಲೋಟದ ಪಕ್ಕ ಒಂದು ಹೊಸ ಪಾಸು ಇಟ್ಟ. ಆರು ತಿಂಗಳದ್ದು. ಅದರ ಮೇಲೆ ಅವಳ ಹೆಸರು ಅಚ್ಚಾಗಿತ್ತು.

"ಏನಿದು?"

"ಹೆಸರು ಬದಲಾಯಿಸಿದ್ದೀನಿ ಪಟ್ಟೀಲಿ. ಅವಳ ಬದಲು ನೀನು. ಆರೂ ಹನ್ನೆರಡಕ್ಕೆ ಹೋಗು, ಮಧ್ಯಾಹ್ನದ ರೈಲಿಗೆ ಬಾ. ದಿನಾ. ಸೋಮವಾರದಿಂದ ಶುಕ್ರವಾರದ ತನಕ."

"ಹೋಗಿ ಏನು ಮಾಡ್ಲಿ ಅಲ್ಲಿ?"

"ಏನಾದ್ರೂ ಮಾಡು. ಲೈಬ್ರರೀಲಿ ಕೂತ್ಕೋ. ಮಗಳ ಮುಖ ನೋಡು. ಅದೇ ತಾನೆ ನಿನಗೆ ಬೇಕಾಗಿದ್ದು? ನಾನು ಅಡ್ಡ ಬರಲ್ಲ." ಅವನ ದನಿ ನಿಜಕ್ಕೂ ಮೃದುವಾಗಿತ್ತು. ರಾಜಿ ಮಾಡಿಕೊಂಡೆ ಎಂದೇ ಅವನು ತಿಳಿದಿದ್ದ. "ಒಂದು ತಲೆ ಬೇಕು ನೀರಜಾ. ಒಂದೇ ಒಂದು ತಲೆ. ಯಾರದ್ದಾದ್ರೂ ಸರಿ."

ನೀರಜಾ ಪಾಸನ್ನು ತಿರುಗಿಸಿ ನೋಡಿದಳು. ಹೆಸರು ಸರಿಯಾಗಿಯೇ ಇತ್ತು. ಕಾಫಿ ಮುಗಿಸಿ ಲೋಟ ತೊಳೆದಿಟ್ಟಳು. ಕೋಣೆಗೆ ಹೋಗಿ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಹೆಗಲಿಗೆ ಎಂದಿನ ತರಕಾರಿ ಚೀಲ, ಕೈಯಲ್ಲಿ ಬಟ್ಟೆ ತುಂಬಿದ ಇನ್ನೊಂದು ಚಿಕ್ಕ ಚೀಲ. ಉಮಾಶಂಕರ ಆಗಲೇ ಲ್ಯಾಪ್‌ಟಾಪ್ ತೆರೆದು ಪಟ್ಟಿ ತಿದ್ದುತ್ತ ಕೂತಿದ್ದ.

"ಹೊರಟೆಯಾ? ಬೆಚ್ಚಗೆ ಹೊದ್ಕೊಂಡು ಹೋಗು," ಎಂದ, ತಲೆಯೆತ್ತದೆ. "ಬರ್ತಾ ಕೊತ್ತಂಬರಿ ಸಿಕ್ಕಿದ್ರೆ ತಗೊಂಡ್ ಬಾ."

ಅವಳು ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟಿದಳು. ಕಾಮಾಕ್ಷಮ್ಮ ಎದ್ದುಬಂದಿದ್ದರು. ಸೊಸೆಯ ಎರಡನೇ ಚೀಲವನ್ನು ನೋಡಿದರು. ಬಾಗಿಲ ದೀಪ ಹಾಕಿ, ಸರಪಣಿ ತಾವೇ ತೆಗೆದರು.

"ಮಧ್ಯಾಹ್ನಕ್ಕೆ ಎಷ್ಟು ಅಕ್ಕಿ ಹಾಕ್ಲಿ ನೀರಜಾ?"

"ನಿಮ್ಮಿಬ್ಬರಿಗೆ ಹಾಕಿ ಅತ್ತೆ."

ಕಾಮಾಕ್ಷಮ್ಮ ಸೊಸೆಯ ಕೋಟಿನ ಮೇಲಿನ ಗುಂಡಿ ಹಾಕಿ, "ಜಾರುತ್ತೆ, ನೋಡ್ಕೊಂಡ್ ಇಳಿ" ಎಂದರು.

ನೀರಜಾ ನೋಡಿಕೊಂಡೇ ಇಳಿದಳು. ಅವತ್ತು ಕುರೋತಾನಿಯಿಂದ ಆರೂ ಹನ್ನೆರಡರ ರೈಲಿಗೆ ಒಬ್ಬರು ಹತ್ತಿದರು. ಮಧ್ಯಾಹ್ನದ ರೈಲಿನಿಂದ ಯಾರೂ ಇಳಿಯಲಿಲ್ಲ, ಸಂಜೆಯದರಿಂದಲೂ ಇಳಿಯಲಿಲ್ಲ. ಕೊನೆಯ ರೈಲು ಹೋದಮೇಲೆ ಉಮಾಶಂಕರ ಸ್ಟೇಷನ್ನಿನಿಂದ ಮನೆಗೆ ಬಂದು ಅಡುಗೆಮನೆಯಲ್ಲಿ ನೋಡಿದರೆ, ಪಾತ್ರೆಯಲ್ಲಿ ಅವನೊಬ್ಬನಿಗಾಗುವಷ್ಟು ಅನ್ನ ಉಳಿದಿತ್ತು. ತಾಯಿ ಉಂಡು ಮಲಗಿದ್ದರು.